ಹುಳುಮನೆಯ ಕಸ, ಚೀಲದ ಗೊಬ್ಬರ, ಅವ್ವನ ನಿಂಬೆ ತೋಟ

ಈ ಬರಹದಲ್ಲಿ ಬೇಸಾಯ ಬಲ್ಲವರಿಗೆ ತಪ್ಪುಗಳು ಕಂಡರೆ ಅವು ನನ್ನವೇ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಕೃಷಿ ಓದಿದವಳಲ್ಲ, ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನೇ ಆದ್ದರಿಂದ, ಬರೆದ ಪ್ರತಿ ವಾಕ್ಯವನ್ನೂ ಮತ್ತೆ ತಿದ್ದುವ ಅಭ್ಯಾಸ ಅಂಟಿಕೊಂಡಿದೆ. ಹಾಗೆ ತಿದ್ದಿದ ಮೇಲೂ ಭಾಷೆ ಎಲ್ಲಾದರೂ ಬಿಗಿಯಾಗಿದ್ದರೆ, ನೆನಪು ಎಲ್ಲಾದರೂ ಹಿಂದುಮುಂದಾಗಿದ್ದರೆ, ಓದುಗರು ದಯವಿಟ್ಟು ಹೊಂದಿಸಿಕೊಳ್ಳಬೇಕು. ಹೇಳಬೇಕಾಗಿರುವ ಸಂಗತಿ ಮಾತ್ರ ಚಿಕ್ಕದು. ನೆಲಸಮವಾಗಬೇಕಿದ್ದ ನಮ್ಮ ಅವ್ವನ ನಿಂಬೆ ತೋಟ ಹೇಗೆ ಉಳಿಯಿತು ಎಂಬುದಷ್ಟೇ.

ನಮ್ಮ ಊರು ಚನ್ನಪಟ್ಟಣ ತಾಲ್ಲೂಕಿನಲ್ಲಿ, ವಿರೂಪಾಕ್ಷಿಪುರದ ಕಡೆ. ಎರಡು ಸಾವಿರದ ಇಸವಿ ಕಳೆದ ಮೇಲಿನ ವರ್ಷಗಳಲ್ಲಿ ಹೆದ್ದಾರಿಯ ಉದ್ದಕ್ಕೂ, ರಾಮನಗರ ದಾಟಿ ಬಿಡದಿಯವರೆಗೆ, ಒಂದರ ಹಿಂದೊಂದು ಕಾರ್ಖಾನೆಗಳು ಎದ್ದವು. ಅಪ್ಪನಿಗೆ ಅಂಥ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಕಂಪನಿ ಬಸ್ಸು ಹಿಡಿಯಲು ಅವರು ಬೆಳಿಗ್ಗೆ ಬೇಗ ಮನೆ ಬಿಡಬೇಕಾಗಿತ್ತು. ಉಳುವವರಿಲ್ಲದ ಎತ್ತುಗಳು ಮೊದಲು ಹೋದವು. ಆಮೇಲೆ ಹಸುಗಳು, ಒಂದನ್ನು ಬಿಟ್ಟು. ಕೊಟ್ಟಿಗೆ ಖಾಲಿಯಾದರೆ ತಿಪ್ಪೆಯೂ ಖಾಲಿ ಎಂಬುದು ನಮಗೆ ತಡವಾಗಿ ಹೊಳೆಯಿತು.

ಇರುವ ಒಂದು ಹಸುವಿನ ಗೊಬ್ಬರ ಯಾವುದಕ್ಕೆ ಸಲ್ಲಬೇಕು ಎಂಬ ಬಗ್ಗೆ ಮನೆಯಲ್ಲಿ ಚರ್ಚೆಯೇ ಇರಲಿಲ್ಲ. ದೀಪಾವಳಿಯಲ್ಲಿ ತಿಪ್ಪೆಗೆ ಹುಚ್ಚೆಳ್ಳು ಹೂವಿಟ್ಟು ದೀಪ ಹಚ್ಚುವ ಪದ್ಧತಿ ನಮ್ಮಲ್ಲಿತ್ತು. ಹಾಗೆ ಪೂಜೆ ಮಾಡಿಸಿಕೊಂಡ ಗೊಬ್ಬರ ಉಣ್ಣುವ ಅನ್ನಕ್ಕೇ ಹೋಗಬೇಕು, ಅಂದರೆ ರಾಗಿ ಹೊಲಕ್ಕೆ, ಎಂದು ಅಜ್ಜಿ ತೀರುವವರೆಗೂ ಹೇಳುತ್ತಿದ್ದಳು. ಅವಳು ತೀರಿದ ಮೇಲೂ ಆ ಮಾತನ್ನು ಯಾರೂ ಮೀರಲಿಲ್ಲ. ಆದ್ದರಿಂದ ಅವ್ವನ ನಿಂಬೆ ಮರಗಳಿಗೆ ಹಲವು ವರ್ಷ ಸಿಕ್ಕಿದ್ದು ಅಂಗಡಿಯಿಂದ ತಂದ ಚೀಲದ ಗೊಬ್ಬರ ಮಾತ್ರ. ಮೊದಮೊದಲು ಮರಗಳು ಕಡುಹಸಿರಾದವು, ಕಾಯಿಯೂ ಬಂತು. ಕ್ರಮೇಣ ಪಾತಿಯ ಮಣ್ಣು ಬಿರುಸಾಗಿ, ನೀರು ಕಟ್ಟಿದರೆ ಇಂಗದೆ ಮೇಲೆಯೇ ನಿಲ್ಲತೊಡಗಿತು. ಎಲೆ ತೆಳುವಾಯಿತು. ಕಾಯಿ ಗೋಲಿಯಷ್ಟೇ ಬೆಳೆದು, ಹಿಂಡಿದರೆ ರಸಕ್ಕಿಂತ ಬೀಜವೇ ಹೆಚ್ಚು ಬರುತ್ತಿತ್ತು.

ಆ ತೋಟವನ್ನು ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ತಾನೇ ನೆಟ್ಟಿದ್ದಳು. ಮುಳ್ಳು ಗೀರಿದ ಗುರುತುಗಳು ಅವಳ ಎರಡೂ ತೋಳುಗಳ ಮೇಲೆ ಬಿಳಿ ಗೆರೆಗಳಾಗಿ ಉಳಿದಿದ್ದವು. ಕಾಯಿ ಕೀಳುವುದು, ಸಂತೆಗೆ ಒಯ್ಯುವುದು, ಬಂದದ್ದನ್ನು ಮನೆಗೆ ಬಳಸುವುದು, ಎಲ್ಲವೂ ಅವಳದೇ. ಬೇರೆಯವರ ಕೈಕೆಳಗೆ ಒಂದು ದಿನವೂ ದುಡಿಯದ ಹೆಂಗಸು ಅವಳು.

ಒಂದು ಉಗಾದಿ ಕಳೆದ ಭಾನುವಾರ ಅಪ್ಪ ಜಗಲಿಯ ಮೇಲೆ ಕೂತು ವಿಷಯ ತೆಗೆದರು.

"ನಿಂಬೆ ಕಿತ್ತಾಕ್ಬುಟ್ಟು ನೀಲಗಿರಿ ನೆಟ್ಬುಡಾನ. ಕನಕಪುರದ್ ತಾವ ನರ್ಸರೀಲಿ ಸಸಿ ಸಿಕ್ತವಂತೆ. ನೀಲಗಿರಿಗಾದ್ರೆ ನೀರೂ ಬ್ಯಾಡ, ಆಳೂ ಬ್ಯಾಡ."

"ಮನುಸ್ರೂ ಬ್ಯಾಡ" ಎಂದಳು ಅವ್ವ, ಸೊಪ್ಪು ಬಿಡಿಸುತ್ತ.

"ನಾನೇನ್ ನಿನ್ ತ್ವಾಟದ್ ಮ್ಯಾಲೆ ಹಗೆ ಸಾಧಿಸ್ತಿದ್ದೀನಾ? ಕಾಯಿ ಎಲ್ಲೈತೆ ತೋರ್ಸಮ್ಮಿ. ಬ್ಯಾಸ್ಗೇಲಿ ನಿಂಬೆಣ್ಣು ಅಂದ್ರೆ ಬಂಗಾರ. ನಮ್ ಮರ್ದಲ್ಲಿ ಬರೀ ಮುಳ್ಳೈತೆ."

ಅವ್ವ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಕಿತ್ತಾಕಿ. ತ್ವಾಟ ಓದ್ ಮ್ಯಾಕೆ ನಾನೂ ಗಾರ್ಮೆಂಟ್ಸ್ ವ್ಯಾನ್ ಅತ್ತೀನಿ. ಮನೇಲಿ ಕುಂತ್ಕಂಡು ಏನ್ ಮಾಡ್ಲಿ?"

ಊರ ಬಾಗಿಲಿಗೆ ದಿನವೂ ಬರುತ್ತಿದ್ದ ಆ ವ್ಯಾನಿನಲ್ಲಿ ಅವ್ವನ ವಾರಿಗೆಯ ಕೆಲವರು ಆಗಲೇ ಹೋಗುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವ್ವ ಆ ಮಾತನ್ನು ಸಿಟ್ಟಿನಿಂದಲ್ಲ, ತೀರಾ ಸಮಾಧಾನದಿಂದ ಹೇಳಿದಳು. ನಾನು ಅಂಜಿದ್ದು ಆ ಸಮಾಧಾನಕ್ಕೆ. ಅಪ್ಪ "ಬರೋ ಉಗಾದಿ ಗಂಟ ನೋಡ್ತೀನಿ. ಮರದ್ ಮ್ಯಾಲೆ ಬ್ಯಾಸ್ಗೆ ಕಾಯಿ ಕಂಡ್ರೆ ಸರಿ. ಇಲ್ದಿದ್ರೆ ಮುಂಗಾರ್ಗೆ ನೀಲಗಿರಿ" ಎಂದು ಎದ್ದರು.

ಪದವಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತ ಮನೆಯಲ್ಲಿದ್ದ ನಾನು ಮರುದಿನವೇ ಚನ್ನಪಟ್ಟಣದ ತೋಟಗಾರಿಕೆ ಕಚೇರಿಗೆ ಹೋದೆ. ಹೋಗುವ ಮೊದಲು ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. "ನಮ್ಮ ನಿಂಬೆ ಮರಗಳಿಗೆ ರಾಸಾಯನಿಕ ಗೊಬ್ಬರವನ್ನು ಮಾತ್ರ ಒದಗಿಸಲಾಗುತ್ತಿದೆ" ಎಂದು ನಾನು ಆರಂಭಿಸಿದಾಗ ಅಲ್ಲಿನ ಅಧಿಕಾರಿ ನಕ್ಕು, "ಕೂತ್ಕೊಳ್ಳಮ್ಮ, ಯೂರಿಯಾ ತಾನೆ" ಎಂದರು. ಒಳ್ಳೆಯ ಮನುಷ್ಯ. ಬರೀ ಚೀಲದ ಗೊಬ್ಬರ ಕೊಟ್ಟರೆ ಮಣ್ಣು ಕಲ್ಲಾಗುತ್ತದೆ, ಬೇರಿಗೆ ಉಸಿರಾಡಲು ಎಡೆಯಿರುವುದಿಲ್ಲ. ಬರೀ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಕಾಯಿ ಬಿಡುವ ಮರದ ಹಸಿವಿಗೆ ಅದು ಸಾಲುವುದಿಲ್ಲ. ಎರಡೂ ಬೇಕು, ಅರ್ಧ ಅದು, ಅರ್ಧ ಇದು ಎಂದು ವಿವರಿಸಿದರು. ಬೇಸಿಗೆಯ ಕಾಯಿ ಬೇಕಾದರೆ ಮಳೆಗಾಲದಲ್ಲಿಯೇ ಮರಕ್ಕೆ ಶಕ್ತಿ ತುಂಬಬೇಕು, ಮಳೆಗಾಲ ಮುಗಿಯುವಾಗ ಅದು ಹೂ ಬಿಡಬೇಕು ಎಂದೂ ತಿಳಿಸಿದರು. ನಾನು ಎಲ್ಲವನ್ನೂ ಪರೀಕ್ಷೆಗೆ ಓದಿದಂತೆ ಬಾಯಿಪಾಠ ಮಾಡಿಕೊಂಡು ಬಂದೆ.

ಬಂದು ಒಪ್ಪಿಸಿದ ಮೇಲೆ ಉಳಿದ ಪ್ರಶ್ನೆ ಒಂದೇ. ಆ ಅರ್ಧಕ್ಕೆ ಗೊಬ್ಬರ ಎಲ್ಲಿಂದ ತರುವುದು? ರಾಗಿಯ ಪಾಲನ್ನು ಮುಟ್ಟುವಂತಿರಲಿಲ್ಲ.

ಉತ್ತರ ಕೊಟ್ಟವರು ಚಿಕ್ಕಪ್ಪ. ಅಪ್ಪನ ತಮ್ಮನಾದ ಅವರು ಪಾಲಾದ ನಮ್ಮ ಮನೆಯ ಇನ್ನೊಂದು ಭಾಗದಲ್ಲಿದ್ದು ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ತಿಂದುಳಿದ ಸೊಪ್ಪಿನ ಕಡ್ಡಿ, ಹಿಕ್ಕೆ ಎಲ್ಲವೂ ಪ್ರತಿ ಬೆಳೆಗೂ, ಅಂದರೆ ಹುಳು ಮೇಯಿಸಿ ಗೂಡು ಕಟ್ಟಿಸುವ ಪ್ರತಿ ಸರದಿಗೂ, ರಾಶಿರಾಶಿಯಾಗಿ ಹೊರಬೀಳುತ್ತಿತ್ತು. ಹುಳುವಿನ ರೋಗ ಸೊಪ್ಪಿನ ಮೂಲಕ ತಿರುಗಿ ಬರಬಹುದೆಂಬ ಭಯದಿಂದ ಅದನ್ನು ಅವರು ಹಿಪ್ಪುನೇರಳೆ ತೋಟಕ್ಕೆ ಹಾಕುತ್ತಿರಲಿಲ್ಲ.

"ಬಂಗಾರದಂತ ಗೊಬ್ರ ಅತ್ಗೆಮ್ಮ. ನಿಮ್ ನಿಂಬೆಗೇನ್ ಹುಳದ್ ರ್ವಾಗ ಬರಕಿಲ್ಲ. ತಗಳಿ, ಎಲ್ಲಾ ನಿಮ್ದೆ."

"ಇಷ್ಟ್ ವರ್ಸ ಗುಂಡೀಗ್ ಸುರಿತಿದ್ದಲ್ಲಪ್ಪ, ಅವಾಗ ಬಂಗಾರ ಅಂತ ಗೊತ್ತಿರ್ಲಿಲ್ವ?" ಎಂದಳು ಅವ್ವ.

"ನೀವ್ ಕೇಳಿರ್ಲಿಲ್ವಲ್ಲ."

ಚಿಕ್ಕಪ್ಪ ಕೊಟ್ಟು ಸುಮ್ಮನಾಗುವವರಲ್ಲ. ಕೆಲಸವನ್ನೂ ತಾವೇ ಹೊತ್ತುಕೊಂಡರು. ಗದ್ದೆ ಹೊಲಕ್ಕೆ ಆಳು ಸಿಗುವುದು ಆಗ ಬಲು ಕಷ್ಟ. ಪ್ರಾಯದವರೆಲ್ಲ ಕಂಪನಿ ಬಸ್ಸಿನಲ್ಲಿರುತ್ತಿದ್ದರು. ಕಸವನ್ನು ಒಮ್ಮೆ, ಯೂರಿಯಾವನ್ನು ಇನ್ನೊಮ್ಮೆ ಹಾಕಲು ಎರಡು ಸಲ ಆಳು ಹಿಡಿಯುವುದು ಯಾರಿಂದಾಗುತ್ತದೆ? ಅವರು ಎರಡನ್ನೂ ಒಂದೇ ಗುಡ್ಡೆ ಮಾಡಿದರು. ಒಂದು ಪದರ ಹುಳದ ಕಸ, ಅದರ ಮೇಲೆ ಯೂರಿಯಾ, ಮೇಲೊಂದಿಷ್ಟು ನೀರು, ಮತ್ತೆ ಕಸ. ಹುಳುಮನೆಯ ನೆಲ ಗುಡಿಸಿದ್ದೂ ಅದರೊಳಗೇ ಹೋಯಿತು. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಮೊದಲು, ಹಾಸಿಗೆ ಒಣಗಿರಲೆಂದು ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸುವುದು ರೇಷ್ಮೆಯವರೆಲ್ಲರ ರೂಢಿ. ಆದ್ದರಿಂದ ಆ ಕಸ ಬೂದಿ ಬಳಿದಂತೆ ಬೆಳ್ಳಗಿರುತ್ತಿತ್ತು. ಅದು ನಮ್ಮ ಕಣ್ಣಿಗೆ ಎಷ್ಟು ಒಗ್ಗಿತ್ತೆಂದರೆ, ಕಸದಲ್ಲಿ ಸುಣ್ಣವಿದೆ ಎಂಬುದು ನಮಗೆ ಯಾರಿಗೂ ಒಂದು ಸಂಗತಿಯಾಗಿಯೇ ತೋರಲಿಲ್ಲ. ಮತ್ತೆ ಕಚೇರಿಗೆ ಹೋಗಿ ಅಧಿಕಾರಿಗೆ ಹೇಳಬೇಕೆಂದು ನನಗೂ ಅನ್ನಿಸಲಿಲ್ಲ. ಗೊಬ್ಬರದಲ್ಲಿ ಸುಣ್ಣವಿದ್ದೀತೆಂದು ಅವರೇಕೆ ಕೇಳುತ್ತಾರೆ?

ಮುಂಗಾರಿನ ಮೊದಲ ಮಳೆಗೆ ಆ ಗುಡ್ಡೆಯನ್ನು ಮರಗಳಿಗೆ ಹಂಚಿದೆವು. ಶ್ರಾವಣ ಬಂದರೂ ಎಲೆಯ ಬಣ್ಣ ತಿರುಗಲಿಲ್ಲ. ತಳದ ಎಲೆಗಳು ಇನ್ನೂ ಹಳದಿಯಾಗಿ ಉದುರಿದವು. ನೀರು ಮಾತ್ರ ಪಾತಿಯಲ್ಲಿ ಮೊದಲಿಗಿಂತ ಚೆನ್ನಾಗಿ ಇಂಗುತ್ತಿತ್ತು. ಅಪ್ಪ ಒಂದು ಭಾನುವಾರ ತೋಟದ ಉದ್ದ ಅಗಲವನ್ನು ಹೆಜ್ಜೆಯಲ್ಲಿ ಅಳೆದರು. ಎಷ್ಟು ನೀಲಗಿರಿ ಸಸಿ ಹಿಡಿಯುತ್ತದೆಂದು ನೋಡುತ್ತಿದ್ದಾರೆಂಬುದು ಅವ್ವನಿಗೂ ನನಗೂ ತಿಳಿಯಿತು.

"ಡಿಗ್ರಿ ಓದಿರೋಳು ಏಳುದ್ ಮ್ಯಾಕೆ ಆಗ್ಲೇಬೇಕಲ್ಲ, ಯಾಕಾಗ್ಲಿಲ್ಲ?" ಎಂದು ಪಕ್ಕದ ಹೊಲದವರು ಅವ್ವನನ್ನು ಕೇಳಿದರಂತೆ. ಅವ್ವ ಅದನ್ನು ನನಗೆ ಹೇಳಿ, "ನೀನು ಬ್ಯಾಸ್ರ ಮಾಡ್ಕಬ್ಯಾಡ ಮಗ. ಅವ್ರ್ ತ್ವಾಟಾನೂ ನೋಡಿವ್ನಿ" ಎಂದಳು.

ಚಿಕ್ಕಪ್ಪ ಧೃತಿಗೆಡಲಿಲ್ಲ. ಗೊಬ್ಬರ ಸಾಲದೆ ಹೋಗಿರಬೇಕೆಂದು, ಮುಂದಿನ ಬೆಳೆಯ ಕಸಕ್ಕೆ ಯೂರಿಯಾ ಹೆಚ್ಚಿಸಿ ಎರಡನೆಯ ಗುಡ್ಡೆ ಹಾಕಿ, ತಾಡಪಾಲು ಮುಚ್ಚಿದರು. ಕೆಲವು ದಿನಗಳ ನಂತರ ತಾಡಪಾಲಿನ ಅಂಚು ಎತ್ತಿ, "ಬಾ ಮಗ, ಒಸಿ ಮೂಸ್ ನೋಡು. ಕಣ್ಣಲ್ಲಿ ನೀರ್ ಬತ್ತದೆ. ಗಾಟು ಇದ್ದಷ್ಟೂ ಪವರ್ರು" ಎಂದು ಕರೆದರು.

ಕಣ್ಣಲ್ಲಿ ನೀರು ಬಂದದ್ದು ನಿಜ. ಆದರೆ ಮೂಗಿನ ಮೇಲ್ಭಾಗಕ್ಕೆ ಸೂಜಿ ಹಾಕಿದಂತಿದ್ದ ಆ ವಾಸನೆಯನ್ನು ನಾನು ಮೊದಲೇ ಬಲ್ಲೆ. ಕಾಲೇಜಿನ ಪ್ರಯೋಗಾಲಯದಲ್ಲಿ, ಪ್ರಣಾಳದಲ್ಲಿ ಅಮೋನಿಯಂ ಲವಣಕ್ಕೆ ಸುಣ್ಣ ಬೆರೆಸಿ ಕಾಸಿದಾಗ ಬರುತ್ತಿದ್ದದ್ದು ಇದೇ. ಯೂರಿಯಾ ಒದ್ದೆಯಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಸುಣ್ಣವಿದ್ದರೆ ಅದು ಕಸದಲ್ಲಿ ನಿಲ್ಲದೆ ಗಾಳಿಗೆ ಏಳುತ್ತದೆ. ಮರಕ್ಕೆ ಸೇರಬೇಕಾದ್ದು ನಮ್ಮ ಮೂಗಿಗೆ ಸೇರುತ್ತಿತ್ತು. ಇಷ್ಟು ಹೊಳೆದರೂ ನಾನು ಕೂಡಲೇ ಬಾಯಿ ಬಿಡಲಿಲ್ಲ. ಪಾಠದಲ್ಲಿ ಕಾಸಿದ ಪ್ರಣಾಳ ಬೇರೆ, ಹಿತ್ತಿಲ ಗುಡ್ಡೆ ಬೇರೆ. ತಪ್ಪಾದರೆ ತೋಟದ ಜೊತೆಗೆ ಚಿಕ್ಕಪ್ಪನ ಮನಸ್ಸೂ ಕೆಡುತ್ತದೆ. ಕಣ್ಣಿಗೆ ಕಾಣುವಂಥದ್ದು ಏನಾದರೂ ಬೇಕಾಗಿತ್ತು. ಲಿಟ್ಮಸ್ ಕಾಗದ ನಮ್ಮ ಊರಿನಲ್ಲಿ ಎಲ್ಲಿ ಸಿಗಬೇಕು?

ಅಡುಗೆಮನೆಯಿಂದ ಅರಿಶಿನ ತಂದು ನೀರಿನಲ್ಲಿ ಕಲಸಿ, ಹಳೆಯ ಪಂಚೆಯ ಚೂರುಗಳನ್ನು ಅದ್ದಿದೆ. ಒಂದನ್ನು ಕೋಲಿಗೆ ಕಟ್ಟಿ ಚಿಕ್ಕಪ್ಪನ ಗುಡ್ಡೆಯ ಮೇಲೆ, ತಾಡಪಾಲಿನ ಒಳಗೆ, ಕಸಕ್ಕೆ ತಾಗದಂತೆ ನಿಲ್ಲಿಸಿದೆ. ಇನ್ನೊಂದನ್ನು ಯೂರಿಯಾ ಬೆರೆಸದ ಹುಳದ ಕಸದ ಮೇಲೆ, ಮತ್ತೊಂದನ್ನು ತಿಪ್ಪೆಯ ಮೇಲೆ. ಸ್ವಲ್ಪ ಹೊತ್ತಿನಲ್ಲಿಯೇ ಮೊದಲನೆಯದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಉಳಿದೆರಡು ಹಳದಿಯಾಗಿಯೇ ಇದ್ದವು.

ಚಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಅರಿಸ್ನ ಸುಣ್ಣ ಸೇರುದ್ರೆ ಕೆಂಪಾಯ್ತದೆ. ನಿಮ್ಮವ್ವ ಆರ್ತಿ ನೀರು ಮಾಡದು ಇನ್ನೆಂಗೆ? ಇದ್ನ ಕಲಿಯಾಕೆ ಕಾಲೇಜಿಗ್ ಓಗಿದ್ದಾ?"

"ಬಟ್ಟೆ ಕಸಕ್ಕೆ ತಾಗಿಲ್ಲ ಚಿಕ್ಕಪ್ಪ. ಗಾಳಿಯಲ್ಲೇ ಇತ್ತು."

"ಗಾಳೀಲಿ ಸುಣ್ಣದ್ ಧೂಳು ಆರಿರ್ತದೆ."

"ಧೂಳಾಗಿದ್ದರೆ ಬಣ್ಣ ಹಾಗೇ ಇರಬೇಕು. ಗುಡ್ಡೆಯಿಂದ ಎದ್ದ ಗಾಟಿನಿಂದ ಆಗಿದ್ದರೆ, ಹೊರಗಿನ ಗಾಳಿಗೆ ಹಾಕಿದಾಗ ಕೆಂಪು ಹೋಗಬೇಕು."

ಚಿಕ್ಕಪ್ಪನ ಹಟ ಇಲ್ಲಿ ನನಗೆ ನೆರವಾಯಿತು. ಅವರು ತಾವೇ ಹುಳುಮನೆಗೆ ಹೋಗಿ ಚಿಟಿಕೆ ಸುಣ್ಣ ತಂದು, ಬೇರೊಂದು ಅರಿಶಿನದ ಚೂರಿಗೆ ಉಜ್ಜಿದರು. ಅದೂ ಕೆಂಪಾಯಿತು. ಎರಡನ್ನೂ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಅಕ್ಕಪಕ್ಕ ಹಾಕಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು, ಚಿಕ್ಕಮ್ಮ ತಂದ ಕಾಫಿ ಕುಡಿಯತೊಡಗಿದರು.

"ಹುಳ ಮೇಯ್ಸೋದು ಬುಟ್ಟು ಏನ್ ಕಾಯ್ತಾ ಕುಂತಿದ್ದೀರಿ?" ಎಂದು ಚಿಕ್ಕಮ್ಮ ಕೇಳಿದಳು.

"ಸುಮ್ನಿರಮ್ಮಿ. ಪರೀಕ್ಷೆ ನಡೀತಾ ಐತೆ."

"ಯಾರಿಗೆ?"

"ನಂಗೇ ಅನ್ನಂಗ್ ಕಾಣ್ತದೆ."

ಕಾಫಿ ಮುಗಿದು ಎಷ್ಟೋ ಹೊತ್ತಾದ ಮೇಲೆ, ಗುಡ್ಡೆಯ ಮೇಲಿದ್ದ ಚೂರು ಅಂಚಿನಿಂದ ಒಳಕ್ಕೆ ತಿರುಗಿ ಹಳದಿಯಾಯಿತು. ಸುಣ್ಣ ಉಜ್ಜಿದ್ದು ಕೆಂಪಾಗಿಯೇ ಉಳಿಯಿತು. ಚಿಕ್ಕಪ್ಪ ಎದ್ದು ಎರಡನ್ನೂ ಬೆರಳಲ್ಲಿ ತಿಕ್ಕಿ ನೋಡಿದರು. ಆಮೇಲೆ ಗುಡ್ಡೆಯ ಕಡೆ ತಿರುಗಿ, "ಅಂದ್ರೆ ನಾನ್ ಸುರ್ದಿದ್ದೆಲ್ಲಾ ಊರ್ ಮ್ಯಾಲೆ ಓಗೈತೆ" ಎಂದರು. ತಾಡಪಾಲಿನ ಅಂಚನ್ನು ಎಳೆದು ಮುಚ್ಚಿ ನನ್ನ ಕಡೆ ತಿರುಗಿದರು: "ಸರಿ, ಈಗೇನ್ ಮಾಡ್ಬೇಕು ಏಳು."

ಮಾಡಬೇಕಾದ್ದು ಸರಳವಾಗಿತ್ತು, ಸುಲಭವಾಗಿರಲಿಲ್ಲ. ನಾನು ಮತ್ತೆ ಕಚೇರಿಗೆ ಹೋಗಿ, ಈ ಸಲ ಸುಣ್ಣದ ಸಂಗತಿಯನ್ನೂ ಹೇಳಿ, ಕೇಳಿ ಬಂದೆ. ನೆಲ ಗುಡಿಸಿದ ಸುಣ್ಣದ ಧೂಳನ್ನು ಕಸಕ್ಕೆ ಸೇರಿಸಬಾರದು. ಕಸವನ್ನು ಬೇರೆಯಾಗಿ ಕೊಳೆಸಿ, ಮೊದಲು ಅದೊಂದನ್ನೇ ಹಾಕಬೇಕು. ಬುಡಕ್ಕೆ ಸುರಿಯದೆ ಮರದ ನೆರಳಿನ ಅಂಚಿನಲ್ಲಿ ಸುತ್ತ ಹರಡಬೇಕು. ನಿಂಬೆಯ ಬೇರು ಮೇಲೆಯೇ ಇರುವುದರಿಂದ ಗುದ್ದಲಿ ಆಳಕ್ಕೆ ಇಳಿಯಬಾರದು. ಕೆಲವು ವಾರ ಬಿಟ್ಟು, ಮಣ್ಣು ಹಸಿಯಾಗಿರುವಾಗ ಯೂರಿಯಾ, ಅದೂ ಒಂದೇ ಸಲಕ್ಕಲ್ಲ, ಕಂತು ಕಂತಾಗಿ, ಪ್ರತಿ ಸಲವೂ ಮಣ್ಣು ಮುಚ್ಚಿ. ಚಿಕ್ಕಪ್ಪ ಒಂದು ಸಲಕ್ಕೆ ಮುಗಿಸಬೇಕೆಂದುಕೊಂಡಿದ್ದ ಕೆಲಸ ಈಗ ಹಲವು ಸಲದ್ದಾಯಿತು. ಆಳಿಲ್ಲ ಎಂಬ ಮಾತು ಮಾತ್ರ ಮೊದಲಿನಂತೆಯೇ ಇತ್ತು.

ಅವ್ವ ಸೆರಗು ಬಿಗಿದು ಹೊರಟಳು, ನಾನು ಅವಳ ಹಿಂದೆ. ಗೌರಿ ಹಬ್ಬ ಕಳೆದ ಮೇಲೆ ನಾವಿಬ್ಬರೂ ಯೂರಿಯಾ ಬೆರೆಸದೆ ಬೇರೆ ಕೊಳೆಸಿದ್ದ ಕಸವನ್ನು ಮಂಕರಿಯಲ್ಲಿ ಹೊತ್ತು, ಮರದ ಕೆಳಗೆ ಬಗ್ಗಿ ಹರಡಿ, ಮೇಲೆ ತರಗು ಮುಚ್ಚಿದೆವು. ಮುಳ್ಳು ತಲೆಗೆ, ಬೆನ್ನಿಗೆ, ಕಿವಿಗೆ ತಾಗುತ್ತಿತ್ತು. ನಾನು ಕೂದಲು ಬಿಡಿಸಿಕೊಳ್ಳುತ್ತ ನಿಂತರೆ ಅವ್ವ ಮುಂದಿನ ಮರದಲ್ಲಿರುತ್ತಿದ್ದಳು.

"ನಿಧಾನ ಮಾಡವ್ವ" ಎಂದರೆ, "ಉಗಾದಿ ನಿಧಾನ್ವಾಗ್ ಬತ್ತದಾ?" ಎನ್ನುತ್ತಿದ್ದಳು.

ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿ ಚಿಕ್ಕಪ್ಪನೂ ಬಂದು ಕೂಡಿಕೊಳ್ಳುತ್ತಿದ್ದರು. ಆದರೂ ಹಳ್ಳದ ಕಡೆಯ ಕೊನೆಯ ಸಾಲುಗಳಿಗೆ ನಮ್ಮ ಕೈ ಮುಟ್ಟುವ ಹೊತ್ತಿಗೆ ಕಸ ಮುಗಿಯಿತು. ಆ ಸಾಲುಗಳನ್ನು ಹಾಗೆಯೇ ಬಿಡಬೇಕಾಯಿತು.

ಯೂರಿಯಾದ ಮೊದಲ ಕಂತಿನ ದಿನ ಭಾನುವಾರ. ಅಪ್ಪ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಹಿಂದಿನ ಸಂಜೆ ಮಳೆ ಬಂದು ಮಣ್ಣು ಹದವಾಗಿತ್ತು. ಬಿಸಿಲೇರಿ ಒಣಗುವ ಮೊದಲು ಹಾಕಿ ಮುಚ್ಚಬೇಕಾಗಿತ್ತು. ಅವ್ವ ಉದುರಿಸುತ್ತ ಹೋಗುತ್ತಿದ್ದಳು, ಹಿಂದೆ ಮಣ್ಣು ಎಳೆಯುತ್ತಿದ್ದ ನನ್ನ ಕೈ ಸೋಲುತ್ತಿತ್ತು. ಅಪ್ಪ ಎದ್ದು ಬಂದು ಗುದ್ದಲಿಗೆ ಕೈ ಚಾಚಿದರು.

"ನಿಮ್ಗೆ ನೀಲಗಿರಿ ಬೇಕಲ್ಲ, ಇದ್ಯಾಕೆ?" ಎಂದಳು ಅವ್ವ.

"ನೀಲಗಿರಿ ಮುಂದಿನ್ ಮಾತು. ಮಗ ಗುದ್ಲಿ ಇಡಿಯೋದ್ ನೋಡಕಾಗ್ತಿಲ್ಲ." ಅವರು ಅಂದು ಮಧ್ಯಾಹ್ನದವರೆಗೂ ಮಣ್ಣು ಎಳೆದರು. ಮುಂದಿನ ಕಂತನ್ನೂ ಅವರ ರಜೆಯ ದಿನಕ್ಕೇ ಹೊಂದಿಸಿದೆವು; ಆ ಬಗ್ಗೆ ಅವರನ್ನು ಯಾರೂ ಕೇಳಲಿಲ್ಲ, ಅವರೂ ಬೇಡವೆನ್ನಲಿಲ್ಲ.

ದೀಪಾವಳಿಯ ಆಸುಪಾಸಿನಲ್ಲಿ ಹೊಸ ಚಿಗುರು ಬಂತು. ಮೊದಲು ನಾನು ನಂಬಲಿಲ್ಲ. ಮಳೆಗೆ ಎಲ್ಲ ಗಿಡವೂ ಚಿಗುರುತ್ತದೆ ಎಂದುಕೊಂಡೆ. ಆದರೆ ಆ ಎಲೆಗಳು ಬಲಿತಾಗಲೂ ದಪ್ಪವಾಗಿ, ಹಸಿರಾಗಿ ನಿಂತವು. ಚಿಗುರಿನ ಹಿಂದೆಯೇ ಹೂ ಬಂತು. ತೋಟದ ಬಾಯಿಗೆ ಹೋದರೆ ಜೇನುಹುಳುಗಳ ಸದ್ದು ಕೇಳುತ್ತಿತ್ತು. ಬಹಳಷ್ಟು ಹೂ ಉದುರಿತು. ಪೀಚು ಕಟ್ಟಿದ್ದರಲ್ಲಿಯೂ ಕೆಲವು ಉದುರಿದಾಗ ಅವ್ವ ಅವನ್ನು ಹೆಕ್ಕಿ ಮಡಿಲಿಗೆ ಹಾಕಿಕೊಂಡು ಮನೆಗೆ ಬಂದಳು. ಉಳಿದವು ಚಳಿಗಾಲದುದ್ದಕ್ಕೂ ನಿಧಾನವಾಗಿ ದುಂಡಗಾದವು. ಹಳ್ಳದ ಕಡೆಯ ಸಾಲುಗಳಲ್ಲಿ ಮಾತ್ರ ಏನೂ ಬರಲಿಲ್ಲ.

ಉಗಾದಿಯ ದಿನ ಬೇವು ಬೆಲ್ಲ ತಿಂದ ಮೇಲೆ ಅಪ್ಪ ತೋಟಕ್ಕೆ ಹೊರಟರು. ಅವ್ವ ಹೋಗಲಿಲ್ಲ, ಒಬ್ಬಟ್ಟಿನ ಹೂರಣ ರುಬ್ಬುವುದಿದೆ ಎಂದಳು. ನನ್ನನ್ನು ಕಣ್ಣಲ್ಲಿಯೇ ಅವರ ಹಿಂದೆ ಕಳಿಸಿದಳು. ಅಪ್ಪ ಮೇಲಿನ ಸಾಲುಗಳನ್ನು ದಾಟುವಾಗ ಕೊಂಬೆ ಎತ್ತಿ ಎತ್ತಿ ನೋಡಿದರು. ಕಾಯಿ ಇನ್ನೂ ಹಸಿರಾಗಿದ್ದರೂ ಬಲಿತಿತ್ತು. ಒಂದನ್ನು ಕಿತ್ತು, ಉಗುರಿನಿಂದ ಸಿಪ್ಪೆ ಗೀರಿ ಮೂಸಿ, ಜೇಬಿಗೆ ಹಾಕಿಕೊಂಡರು. ಕೊನೆಗೆ ಹಳ್ಳದ ಅಂಚಿಗೆ ಬಂದು ಬರಿದಾಗಿದ್ದ ಮರಗಳ ಮುಂದೆ ನಿಂತರು. ಅವರು ಈ ಸಾಲುಗಳನ್ನೇ ತೋರಿಸಿ ತೀರ್ಮಾನ ಹೇಳುತ್ತಾರೆಂದುಕೊಂಡೆ.

"ಇವು ಯಾಕಿಂಗವೆ?"

"ಇಲ್ಲಿಗೆ ಕಸ ಸಾಲಲಿಲ್ಲ ಅಪ್ಪ."

ಅವರು ಮೇಲಿನ ಸಾಲಿನ ಕಡೆಗೊಮ್ಮೆ, ಇವುಗಳ ಕಡೆಗೊಮ್ಮೆ ನೋಡಿದರು. "ನಿಮ್ ಚಿಕ್ಕಪ್ಪನ ಮುಂದಿನ್ ಬೆಳೆ ಯಾವಾಗ ಹಣ್ಣಾಯ್ತದೆ?" ಎಂದರು. ಹುಳು ಹಣ್ಣಾಗಿ ಗೂಡು ಕಟ್ಟಿದ ಮೇಲೆಯೇ ಕಸ ಪೂರ್ತಿ ಹೊರಗೆ ಬೀಳುವುದು. ನಾನು ಮುಂದಿನ ತಿಂಗಳು ಎಂದೆ. "ಅಂಗಾದ್ರೆ ಮೊದ್ಲು ಇಲ್ಲಿಗೇ ಆಕಿ" ಎಂದು ಅವರು ಮನೆಯ ಕಡೆ ತಿರುಗಿದರು. ಒಳಗೆ ಬಂದು ಜೇಬಿನಲ್ಲಿದ್ದ ಕಾಯಿಯನ್ನು ಒರಳಿನ ಪಕ್ಕದಲ್ಲಿಟ್ಟಾಗ ಅವ್ವ ಅದನ್ನು ನೋಡಿದಳು, ರುಬ್ಬುವುದನ್ನು ನಿಲ್ಲಿಸಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ನೀಲಗಿರಿ ಬರಲಿಲ್ಲ. ಅವ್ವ ಗಾರ್ಮೆಂಟ್ಸ್ ವ್ಯಾನು ಹತ್ತಲಿಲ್ಲ. ಬೇಸಿಗೆಯ ನಿಂಬೆಹಣ್ಣನ್ನು ರಾಮನಗರದ ಮಾರುಕಟ್ಟೆಗೂ ಕಳಿಸತೊಡಗಿದಳು. ಚಿಕ್ಕಪ್ಪ ಸುಣ್ಣದ ಧೂಳನ್ನು ಬೇರೆ ಗುಡಿಸಿ ಬೇರೆ ಹಾಕುತ್ತಾರೆ, ಬೇರೆ ರೇಷ್ಮೆ ಮನೆಗಳವರಿಗೂ ಹಾಗೆ ಮಾಡಲು ಹೇಳುತ್ತಾರೆ. ಅಪ್ಪ ಕಾರ್ಖಾನೆಯ ಕೆಲಸದಲ್ಲಿಯೇ ಮುಂದುವರಿದರು, ಗೊಬ್ಬರದ ದಿನಗಳಿಗೆ ಮಾತ್ರ ರಜೆ ಹಾಕುತ್ತಿದ್ದರು. ಮರುವರ್ಷ ಇನ್ನೊಂದು ಹಸು ಕಟ್ಟಿದರು. ನಾನು ಬಿ.ಎಡ್. ಮುಗಿಸಿ ಮಾಗಡಿಯ ಕಡೆ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ.